ಬೆಟ್ಟಾ ಮೀನಿಗೆ ಬಟ್ಟಲು ಸಾಕೇ?

‘ಅಮ್ಮಾ, ನಾಯಿ ಬೇಡ ಅಂದೆ, ಬೆಕ್ಕೂ ಬೇಡ ಅಂದೆ. ಒಂದು ಮೀನಾದ್ರೂ ಇಟ್ಕೊಳ್ಳೋಣ್ವಾ?’

ನಿಮ್ಮ ಮನೆಯಲ್ಲೂ ಈ ಮಾತು ಕೇಳಿಬಂದಿರಬಹುದು. ನಾಯಿಯಾದರೆ ವಾಕಿಂಗ್ ಕರೆದುಕೊಂಡು ಹೋಗಬೇಕು, ಬೆಕ್ಕಾದರೆ ಹಾಲಿನ ಪಾತ್ರೆ ಕಾಯಬೇಕು. ಮೀನು ತಾನೇ, ಪಾಪ, ಒಂದು ಮೂಲೆಯಲ್ಲಿ ಇರುತ್ತೆ ಅಂತ ನಾವೂ ತಲೆಯಾಡಿಸಿಬಿಡುತ್ತೇವೆ. ಅಂಗಡಿಗೆ ಹೋದರೆ ಸಾಲಾಗಿ ಜೋಡಿಸಿಟ್ಟ ಪುಟ್ಟ ಪುಟ್ಟ ಪ್ಲಾಸ್ಟಿಕ್ ಲೋಟಗಳು. ಒಂದೊಂದರಲ್ಲೂ ಒಂದೊಂದು ಮೀನು, ರೇಷ್ಮೆ ಸೀರೆಯ ಸೆರಗಿನಂಥ ರೆಕ್ಕೆ, ನೀಲಿ, ಕೆಂಪು, ಬಿಳಿ! ಅದೇ ಬೆಟ್ಟಾ, ಅಂದರೆ ಫೈಟರ್ ಮೀನು. ‘ಇದಕ್ಕೆ ಫಿಲ್ಟರ್ ಬೇಡ, ಮೋಟರ್ ಬೇಡ. ಒಂದು ಗಾಜಿನ ಬೌಲ್ ಸಾಕು ಮೇಡಂ’ ಅನ್ನುವ ಮಾತು ಎಷ್ಟು ಸಲ ಕೇಳಿಲ್ಲ ನಾವು?

ನಾನೂ ಕೇಳಿದೆ, ನಂಬಿದೆ. ಅದು ಅಕ್ಟೋಬರ್ ತಿಂಗಳು. ದುಂಡನೆಯ ಬೌಲು, ತಳದಲ್ಲಿ ಬಣ್ಣದ ಗೋಲಿ, ಮಧ್ಯೆ ಒಂದು ಪ್ಲಾಸ್ಟಿಕ್ ಗಿಡ. ಟೀವಿ ಪಕ್ಕದಲ್ಲಿಟ್ಟರೆ ಬಂದವರೆಲ್ಲ ‘ಎಷ್ಟು ಚೆನ್ನಾಗಿದೆ’ ಅನ್ನೋರೇ. ನಮ್ಮತ್ತೆ ಮಾತ್ರ, ‘ಬೆಟ್ಟ ಅಂತೀರಲ್ಲ, ಇದೇನು ತಲಕಾವೇರಿ ಕಡೆ ಬೆಟ್ಟದಲ್ಲಿ ಸಿಗೋ ಮೀನಾ?’ ಅಂತ ಕೇಳಿ ನಗಿಸಿದ್ದರು. ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೀನು ಗೋಲಿಗಳ ಮೇಲೆ ಒರಗಿ ಮಲಗಿತ್ತು. ಮಗಳು ಸ್ಕೂಲಿಗೆ ಹೋಗಲಿಲ್ಲ. ‘ನಾನು ದಿನಾ ಊಟ ಹಾಕ್ತಿದ್ದೆನಲ್ಲಮ್ಮ, ಮತ್ತೆ ಯಾಕೆ?’ ಅಂತ ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಹುಡುಕಿದ ಮೇಲೆ ಸಿಕ್ಕ ಉತ್ತರವನ್ನೇ ಈಗ ನಿಮಗೆ ಹೇಳುತ್ತಿದ್ದೇನೆ. ತಪ್ಪು ಊಟದ್ದಲ್ಲ, ಮನೆಯದ್ದು. ಎರಡು ಲೀಟರ್ ನೀರಿನ ಮನೆ ಅದು.

ಲೋಟದಲ್ಲಿ ಬದುಕುತ್ತಲ್ಲ, ಮತ್ತೇನು?

ಬೆಟ್ಟಾ ಲೋಟದಲ್ಲೂ ಸ್ವಲ್ಪ ದಿನ ಉಸಿರು ಹಿಡಿದುಕೊಂಡಿರಬಲ್ಲದು, ನಿಜ. ಅದಕ್ಕೆ ಕಾರಣ ಇದೆ. ಕಿವಿರಿನ ಜೊತೆಗೆ ತಲೆಯೊಳಗೆ ಇನ್ನೊಂದು ಉಸಿರಾಟದ ಅಂಗ ಇದಕ್ಕಿದೆ. ನೀರಿನ ಮೇಲೆ ಬಂದು ಬಾಯಿಂದ ಗಾಳಿ ಗುಟುಕರಿಸಿ ಮತ್ತೆ ಕೆಳಗೆ ಹೋಗುತ್ತೆ. ನಮ್ಮ ಕೆರೆ, ಗದ್ದೆಗಳ ಕೊರವ ಮೀನೂ ಹಾಗೇ ತಾನೇ? ಬುಟ್ಟಿಯಲ್ಲಿ ಹಾಕಿದ ಮೇಲೂ ಎಷ್ಟೋ ಹೊತ್ತು ಒದ್ದಾಡುತ್ತಿರುತ್ತೆ. ಬೆಟ್ಟಾದ ತವರು ಥಾಯ್ಲೆಂಡ್ ಮತ್ತು ಅದರ ಸುತ್ತಮುತ್ತಲ ಭತ್ತದ ಗದ್ದೆ, ಜೌಗು, ನಿಧಾನವಾಗಿ ಹರಿಯುವ ಕಾಲುವೆಗಳು. ಅಲ್ಲಿಯವರು ಇದನ್ನು ‘ಪ್ಲಾ ಕಾಟ್’ ಅಂತಾರೆ, ಅಂದರೆ ಕಚ್ಚುವ ಮೀನು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಎರಡು ಗಂಡು ಮೀನು ಒಟ್ಟಿಗೆ ಇದ್ದರೆ ಕಿತ್ತಾಡಿ ಸಾಯುತ್ತವೆ ಅನ್ನುವ ಕಾರಣಕ್ಕೆ ಅಂಗಡಿಯವರು ಒಂದೊಂದನ್ನೇ ಬೇರೆ ಬೇರೆ ಲೋಟದಲ್ಲಿಡುತ್ತಾರೆ. ಮಾರಾಟವಾಗುವ ತನಕದ ವ್ಯವಸ್ಥೆ ಅದು. ನಾವು ಬಸ್ಸಿನಲ್ಲಿ ಒಂದು ರಾತ್ರಿ ಕೂತು ಹೋಗುತ್ತೇವೆ, ಹಾಗಂತ ಬಸ್ಸಿನ ಸೀಟಿನಲ್ಲೇ ಸಂಸಾರ ಹೂಡಲು ಆಗುತ್ತದೆಯೇ?

‘ಗದ್ದೆಯಲ್ಲಿ ನೀರು ಮೊಣಕಾಲುದ್ದವೂ ಇರಲ್ಲ, ಅಲ್ಲಿ ಇರೋದಿಲ್ವಾ?’ ಅಂತ ನಮ್ಮನೆಯವರು ವಾದಿಸಿದರು. ಗದ್ದೆ ನೀರಿನ ಆಳ ಕಮ್ಮಿ, ಆದರೆ ಅಗಲ? ಎಕರೆಗಟ್ಟಲೆ! ಈ ಮಾತು ನೆನಪಿಟ್ಟುಕೊಳ್ಳಿ, ಟ್ಯಾಂಕ್ ಆರಿಸುವಾಗ ಉಪಯೋಗಕ್ಕೆ ಬರುತ್ತೆ.

ಕಣ್ಣಿಗೆ ಕಾಣದ ವಿಷ

ಮೀನು ತಿನ್ನುತ್ತೆ, ವಿಸರ್ಜಿಸುತ್ತೆ. ಉಳಿದ ಆಹಾರ ತಳದಲ್ಲಿ ಕೊಳೆಯುತ್ತೆ. ಎರಡರಿಂದಲೂ ನೀರಿನಲ್ಲಿ ಅಮೋನಿಯಾ ಸೇರಿಕೊಳ್ಳುತ್ತದೆ. ನೀರು ಸ್ಫಟಿಕದ ಹಾಗೆ ತಿಳಿಯಾಗಿ ಕಾಣುತ್ತಿದ್ದರೂ ಅದರೊಳಗೆ ಅಮೋನಿಯಾ ಇರಬಹುದು, ಅದೇ ಮೋಸ. ಮೀನಿನ ಕಿವಿರು ಸುಟ್ಟ ಹಾಗಾಗುತ್ತೆ, ರೆಕ್ಕೆ ಅಂಚಿನಿಂದ ಕೊಳೆಯುತ್ತಾ ಬರುತ್ತೆ. ಒಂದು ಮೀನಿನ ಒಂದು ದಿನದ ಕೊಳೆ 2 ಲೀಟರ್ ನೀರಿಗೆ ಬಿದ್ದರೂ ಅಷ್ಟೇ, 25 ಲೀಟರಿಗೆ ಬಿದ್ದರೂ ಅಷ್ಟೇ. ಆದರೆ 25 ಲೀಟರಿನಲ್ಲಿ ಅದರ ತೀಕ್ಷ್ಣತೆ ಹನ್ನೆರಡು ಪಟ್ಟು ಕಡಿಮೆ. ಚೊಂಬಿನ ಸಾರಿಗೆ ಒಂದು ಹಿಡಿ ಉಪ್ಪು ಬಿದ್ದರೆ ಚೆಲ್ಲಬೇಕು, ಮದುವೆ ಮನೆಯ ಕೊಪ್ಪರಿಗೆಗೆ ಬಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಇದಕ್ಕೆ ಪ್ರಕೃತಿಯೇ ಒಂದು ದಾರಿ ಮಾಡಿದೆ. ಟ್ಯಾಂಕಿನ ಕಲ್ಲು, ಫಿಲ್ಟರಿನ ಸ್ಪಾಂಜಿನ ಮೇಲೆ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆದು ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಹೊಸ ಟ್ಯಾಂಕಿನಲ್ಲಿ ಇದು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೀನು ತರುವ ಮೊದಲೇ ನೀರು ತುಂಬಿ, ಫಿಲ್ಟರ್ ಹಾಕಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಕಾಯಬೇಕು. ಹೆಪ್ಪು ಹಾಕಿದರೆ ಮೊಸರು ಬೇಗ ಆಗೋ ಹಾಗೆ, ಪರಿಚಯದವರ ಹಳೇ ಟ್ಯಾಂಕಿನಿಂದ ಒಂದು ಹಿಡಿ ಕಲ್ಲೋ, ಬಳಸಿದ ಸ್ಪಾಂಜಿನ ತುಂಡೋ ತಂದು ಹಾಕಿದರೆ ಈ ಕೆಲಸ ಬೇಗ ಆಗುತ್ತೆ. ಅವರ ಮೀನು ಆರೋಗ್ಯವಾಗಿದೆಯಾ ಅಂತ ಮೊದಲು ನೋಡಿಕೊಳ್ಳಿ ಮತ್ತೆ. ಎರಡು ಲೀಟರಿನ ಬೌಲಿನಲ್ಲಿ ಈ ಹೆಪ್ಪು ನಿಲ್ಲುವುದೇ ಇಲ್ಲ, ಯಾಕೆಂದರೆ ನಾವು ಎರಡು ದಿನಕ್ಕೊಮ್ಮೆ ಎಲ್ಲಾ ಚೆಲ್ಲಿ, ಗೋಲಿ ಸಮೇತ ತಿಕ್ಕಿ ತೊಳೆದು ಹೊಸ ನೀರು ತುಂಬುತ್ತಿರುತ್ತೇವೆ!

ನಮ್ಮೂರ ಚಳಿಯ ಲೆಕ್ಕ

ಕುಶಾಲನಗರದಲ್ಲಿ ಮಡಿಕೇರಿಯ ಚಳಿ ಇಲ್ಲ ಅಂತ ನಾವು ಹೆಮ್ಮೆಪಡುತ್ತೇವೆ. ನಮಗೆ ಸರಿ, ಬೆಟ್ಟಾಗೆ? ಅದಕ್ಕೆ ಬೇಕಾದ ನೀರಿನ ಬಿಸಿ 24ರಿಂದ 28 ಡಿಗ್ರಿ. ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತೆ, ಮಧ್ಯಾಹ್ನ ಬಿಸಿಲಿಗೆ ಮತ್ತೆ ಏರುತ್ತೆ. ಮಳೆಗಾಲದಲ್ಲಂತೂ ವಾರಗಟ್ಟಲೆ ಮನೆಯೊಳಗೇ ಥಂಡಿ. ಸ್ನಾನದ ಹಂಡೆಯಲ್ಲಿ ರಾತ್ರಿ ಕಾಯಿಸಿದ ನೀರು ಬೆಳಿಗ್ಗೆಗೂ ಬೆಚ್ಚಗಿರುತ್ತೆ, ಚೊಂಬಿಗೆ ತೋಡಿಟ್ಟ ನೀರು ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತೆ. ನನ್ನ ಎರಡು ಲೀಟರಿನ ಬೌಲಿನಲ್ಲಿದ್ದ ಮೀನಿಗೆ ದಿನಾ ಬೇಸಿಗೆ, ದಿನಾ ಚಳಿಗಾಲ. ಡಿಸೆಂಬರ್‌ನಲ್ಲಿ ಆಗಿದ್ದು ಅದೇ ಇರಬೇಕು.

ಆದ್ದರಿಂದ ನಮ್ಮೂರಲ್ಲಿ ಬೆಟ್ಟಾ ಸಾಕುವವರಿಗೆ ಹೀಟರ್ ಬೇಕೇ ಬೇಕು. ಲೀಟರಿಗೆ ಸುಮಾರು ಒಂದು ವ್ಯಾಟ್ ಲೆಕ್ಕ. 25 ಲೀಟರಿನ ಟ್ಯಾಂಕಿಗೆ 25 ವ್ಯಾಟ್ ಸಾಕು ಅನ್ನುತ್ತೆ ಲೆಕ್ಕ, ನಮ್ಮ ಚಳಿಗೆ 50 ವ್ಯಾಟಿನದೇ ವಾಸಿ. ತಾನೇ ಆಫ್ ಆಗುವ ಥರ್ಮೋಸ್ಟಾಟ್ ಇರುವುದನ್ನೇ ಕೇಳಿ ತಗೊಳ್ಳಿ. ದಿನಕ್ಕೆ ಹನ್ನೆರಡು ಗಂಟೆ ಉರಿದರೂ ತಿಂಗಳಿಗೆ 18 ಯೂನಿಟ್. ಬೌಲಿಗೆ ಹೀಟರ್ ಹಾಕುತ್ತೇನೆ ಅನ್ನಬೇಡಿ. ಅಷ್ಟು ಕಡಿಮೆ ನೀರು ನೋಡುನೋಡುತ್ತಲೇ ವಿಪರೀತ ಬಿಸಿಯಾಗಿಬಿಡುತ್ತೆ. ಇನ್ನೊಂದು ವಿಷಯ, ನೀರಿಗೆ ಕೈ ಹಾಕುವ ಮೊದಲು ಹೀಟರಿನ ಪ್ಲಗ್ ತೆಗೆಯಿರಿ. ಮಕ್ಕಳಿಗೂ ಇದನ್ನೇ ಮೊದಲ ಪಾಠ ಮಾಡಿ.

ಸರಿ, ಎಷ್ಟು ದೊಡ್ಡದು?

ಒಂದು ಬೆಟ್ಟಾಗೆ ಕನಿಷ್ಠ 20 ಲೀಟರ್ ನೀರು. ಇದು ತೀರಾ ಕೆಳಗಿನ ಗೆರೆ. 25ರಿಂದ 30 ಲೀಟರ್ ಇದ್ದರೆ ಮೀನಿಗೂ ಸುಖ, ನಿಮಗೂ ಸುಖ. ಅಂಗಡಿಯಲ್ಲಿ ಲೀಟರ್ ಲೆಕ್ಕ ಹೇಳುವವರು ಕಡಿಮೆ, ಇಂಚಿನ ಲೆಕ್ಕವೇ ಜಾಸ್ತಿ. ಅದಕ್ಕೊಂದು ಸುಲಭ ಉಪಾಯ: ಉದ್ದ, ಅಗಲ, ಎತ್ತರ ಮೂರನ್ನೂ ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿ. ಬರುವುದೇ ಲೀಟರ್.

12 ಇಂಚು ಉದ್ದ, 8 ಇಂಚು ಅಗಲ, 8 ಇಂಚು ಎತ್ತರದ ಟ್ಯಾಂಕ್ ನೋಡಲು ಮುದ್ದಾಗಿರುತ್ತೆ. ಗುಣಿಸಿ ನೋಡಿ, ಹನ್ನೆರಡೂವರೆ ಲೀಟರ್ ಅಷ್ಟೇ. ಅದೂ ಕಂಠಪೂರ್ತಿ ತುಂಬಿದರೆ. 18, 10, 10 ಇಂಚಿನದಾದರೆ 29 ಲೀಟರ್ ದಾಟುತ್ತೆ. ಬೆಟ್ಟಾ ಗಾಳಿ ಗುಟುಕರಿಸಲು ಮತ್ತು ಎಗರಿ ಹೊರಗೆ ಬೀಳದಿರಲು ಮೇಲೆ ಒಂದೂವರೆ ಇಂಚು ಖಾಲಿ ಬಿಟ್ಟರೂ 25 ಲೀಟರ್ ನಿಲ್ಲುತ್ತೆ. ನಾನು ಎರಡನೇ ಸಲ ಮಾಡಿಸಿಕೊಂಡಿದ್ದು ಇದೇ ಅಳತೆಯದು. ಎಗರುವ ವಿಷಯದಲ್ಲಿ ಉದಾಸೀನ ಬೇಡ. ಮುಚ್ಚಳ ಇರಲೇಬೇಕು, ಆದರೆ ಗಾಳಿ ಆಡಬೇಕು.

ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಚೌಕ ಟ್ಯಾಂಕೂ 28 ಲೀಟರ್ ಹಿಡಿಯುತ್ತೆ. ಆದರೂ ನನ್ನ ಓಟು ಉದ್ದನೆಯದಕ್ಕೇ. ಗದ್ದೆ ಮಾತು ಹೇಳಿದೆನಲ್ಲ? ಉದ್ದ ರೆಕ್ಕೆಯ ಬೆಟ್ಟಾಗೆ ಅದರ ರೆಕ್ಕೆಯೇ ಭಾರ. ನಾವು ಭಾರಿ ಜರಿ ಸೀರೆ ಉಟ್ಟು ಮೆಟ್ಟಿಲು ಹತ್ತೋ ಹಾಗೆ. ಪ್ರತಿ ಸಲ ಉಸಿರಿಗೆ ತಳದಿಂದ ಮೇಲಿನ ತನಕ ಏರಬೇಕು. ಷೋಕೇಸಿನಲ್ಲಿಡುವ ಎತ್ತರದ ಕೊಳವೆಯಂಥ ಟ್ಯಾಂಕು, ಹೂದಾನಿಯಲ್ಲಿ ಗಿಡದ ಬೇರಿನ ಕೆಳಗೆ ಮೀನು ಬಿಡುವುದು, ಇವನ್ನೆಲ್ಲ ನೋಡಿದರೆ ನನಗಂತೂ ಸಿಟ್ಟೇ ಬರುತ್ತೆ. ಮಧ್ಯೆ ಗಾಜಿನ ಅಡ್ಡಗೋಡೆ ಹಾಕಿ ಎರಡು ಗಂಡು ಮೀನು ಇಡುವುದೂ ಬೇಡ. ದಿನವಿಡೀ ಪಕ್ಕದ ಮನೆಯ ಜೊತೆ ಜಗಳ ಕಾಯುತ್ತಾ ಕೂತ ಮನೆ ಏನು ಮನೆ?

‘ದೊಡ್ಡ ಟ್ಯಾಂಕ್ ಅಂದರೆ ದೊಡ್ಡ ಕೆಲಸ, ನನ್ನಿಂದಾಗಲ್ಲ’ ಅಂತೀರಾ? ಉಲ್ಟಾ ಕಣ್ರೀ! ಬೌಲಾದರೆ ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು. 25 ಲೀಟರಿನ, ಹೆಪ್ಪು ಕೂತ ಟ್ಯಾಂಕಿಗೆ ವಾರಕ್ಕೊಮ್ಮೆ ಕಾಲು ಭಾಗ, ಅಂದರೆ ಆರು ಲೀಟರ್ ತೆಗೆದು ಅಷ್ಟೇ ಹೊಸ ನೀರು ಹಾಕಿದರೆ ಆಯಿತು. ಭಾನುವಾರ ಹತ್ತು ನಿಮಿಷದ ಕೆಲಸ. ಫಿಲ್ಟರೂ ದುಬಾರಿಯದು ಬೇಡ. ಪುಟ್ಟ ಏರ್ ಪಂಪಿಗೆ ಜೋಡಿಸುವ ಸ್ಪಾಂಜ್ ಫಿಲ್ಟರ್ ಬೆಟ್ಟಾಗೆ ಅತ್ಯುತ್ತಮ. ಜೋರು ನೀರಿನ ಸೆಳೆತ ಇದಕ್ಕಾಗದು. ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಹೆಪ್ಪು ಸತ್ತುಹೋಗುತ್ತೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಒಮ್ಮೆ ಹಿಂಡಿದರೆ ಸಾಕು. ಆ ನೀರನ್ನು ಚೆಲ್ಲಬೇಡಿ, ಕರಿಬೇವಿನ ಗಿಡಕ್ಕೆ ಹಾಕಿ, ಎಷ್ಟು ಚೆನ್ನಾಗಿ ಚಿಗುರುತ್ತೆ ನೋಡಿ.

ಹೊಸ ನೀರಿಗೆ ನಲ್ಲಿಯಿಂದ ನೇರ ಪೈಪ್ ಹಚ್ಚುವಂತಿಲ್ಲ. ನಲ್ಲಿ ನೀರಿನ ಕ್ಲೋರಿನ್ ನಮಗೆ ರಕ್ಷೆ, ಮೀನಿಗೆ ವಿಷ. ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದು 24 ಗಂಟೆ ಇಡಿ. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡದಂತೆ ತೆಳು ಬಟ್ಟೆ ಕಟ್ಟಿ. ಅವಸರವಿದ್ದರೆ ಕ್ಲೋರಿನ್ ತೆಗೆಯುವ ಡ್ರಾಪ್ಸ್ ಅಂಗಡಿಯಲ್ಲಿ ಸಿಗುತ್ತೆ. ಮಳೆಗಾಲದಲ್ಲಿ ಹೊಳೆ ಕೆಂಪಗಾದಾಗ ನಲ್ಲಿಯಲ್ಲಿ ಬ್ಲೀಚಿಂಗ್ ವಾಸನೆ ಜೋರಾಗಿ ಬಂದರೆ ಎರಡನ್ನೂ ಮಾಡಿ.

ಟ್ಯಾಂಕ್ ಇಡುವ ಜಾಗ

25 ಲೀಟರ್ ನೀರೆಂದರೆ 25 ಕೆ.ಜಿ. ಗಾಜು, ಕಲ್ಲು ಸೇರಿ 35 ಕೆ.ಜಿ. ಆಗುತ್ತೆ. ಫ್ರಿಜ್ಜಿನ ಮೇಲೆ, ಅಲುಗಾಡುವ ಟೀಪಾಯಿ ಮೇಲೆ ಇಡುವ ಯೋಚನೆ ಬಿಡಿ. ಗಟ್ಟಿ ಮೇಜು, ಕೆಳಗೊಂದು ಥರ್ಮಾಕೋಲ್ ಹಾಳೆ ಇರಲಿ. ಕಿಟಕಿಯ ನೇರ ಬಿಸಿಲು ಬಿದ್ದರೆ ಗಾಜಿಗೆಲ್ಲ ಪಾಚಿ.

ಅದಕ್ಕಿಂತ ಮುಖ್ಯವಾದದ್ದು ಸೊಳ್ಳೆ ಔಷಧಿ. ಜಿರಲೆ, ಸೊಳ್ಳೆಗೆ ಹೊಡೆಯುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ರಾಸಾಯನಿಕ ಮೀನುಗಳಿಗೆ ಘೋರ ವಿಷ. ಬೆಟ್ಟಾ ಬೇರೆ ಮೇಲಿನ ಗಾಳಿಯನ್ನೇ ಉಸಿರಾಡುತ್ತೆ. ಟ್ಯಾಂಕ್ ಇರುವ ಕೋಣೆಯಲ್ಲಿ ಸ್ಪ್ರೇ, ಕಾಯಿಲ್, ಪ್ಲಗ್‌ಗೆ ಹಾಕುವ ದ್ರಾವಣ ಯಾವುದೂ ಬೇಡ. ಒಗ್ಗರಣೆ ಹೊಗೆಯ ಅಡುಗೆಮನೆಯೂ ಬೇಡ. ಹೊಸ ಟ್ಯಾಂಕ್ ತೊಳೆಯಲು ಸೋಪು, ಪಾತ್ರೆ ತಿಕ್ಕುವ ಪುಡಿ ಕೂಡದು. ಬರೀ ನೀರು, ಗಡಸು ನೀರಿನ ಬಿಳಿ ಕಲೆಗೆ ಸ್ವಲ್ಪ ವಿನೆಗರ್, ಮತ್ತೆ ಚೆನ್ನಾಗಿ ನೀರು.

ಪ್ಲಾಸ್ಟಿಕ್ ಗಿಡದ ಚೂಪು ತುದಿ ರೆಕ್ಕೆ ಹರಿಯುತ್ತೆ, ಜೀವಂತ ಗಿಡವೇ ಮೇಲು. ಜಾವಾ ಫರ್ನ್‌ನಂಥದ್ದಕ್ಕೆ ಮಣ್ಣೂ ಬೇಡ. ರಸ್ತೆ ಬದಿಯಲ್ಲಿ ಕೊಡೆಯಂತೆ ಹರಡುವ ಕಾಡು ಬಾದಾಮಿ ಮರ ನೋಡಿರುತ್ತೀರಲ್ಲ, ಅದರ ಉದುರಿ ಒಣಗಿದ ಎಲೆ ಒಂದನ್ನು ತೊಳೆದು ಹಾಕಿ. ನೀರು ತೆಳು ಟೀ ಬಣ್ಣಕ್ಕೆ ತಿರುಗುತ್ತೆ, ಗಾಬರಿ ಬೇಡ. ಬೆಟ್ಟಾ ಸಾಕುವವರೆಲ್ಲ ಇಷ್ಟಪಟ್ಟು ಹಾಕುವ ಎಲೆ ಅದು. ವಾಹನದ ಹೊಗೆ, ಧೂಳು ಬೀಳದ ಕಡೆಯಿಂದ ಆಯ್ದುಕೊಳ್ಳಿ.

ನೀರಿನ ಮೇಲೆ ಸಾಬೂನಿನ ನೊರೆಯಂಥ ಗುಳ್ಳೆ ಕಂಡರೆ ಕೊಳೆ ಅಂತ ತೆಗೆಯಬೇಡಿ. ಅದು ಗಂಡು ಬೆಟ್ಟಾ ಮರಿಗಳಿಗಾಗಿ ಕಟ್ಟುವ ಗೂಡು. ನಮ್ಮತ್ತೆ ಒಮ್ಮೆ ಚಮಚದಲ್ಲಿ ಚೊಕ್ಕಟವಾಗಿ ತೆಗೆದುಹಾಕಿದ್ದರು! ಮೀನು ಪಾಪ, ಸಂಜೆಯೊಳಗೆ ಮತ್ತೆ ಕಟ್ಟಿತು.

ಹೊಳೆ ಏರಿದಾಗ

ಇದು ನಮ್ಮೂರವರಿಗಾಗಿಯೇ. 2018ರ ಆಗಸ್ಟ್, ಮತ್ತೆ 2019ರ ಆಗಸ್ಟ್. ಕಾವೇರಿ ಉಕ್ಕಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಯಂಥ ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿದ್ದನ್ನು ಯಾರು ಮರೆತಾರು? ಅಂಥ ರಾತ್ರಿಯಲ್ಲಿ ಮೊದಲು ಮಕ್ಕಳು, ಹಿರಿಯರು, ಕಾಗದಪತ್ರ. ಮೀನಿನ ನೆನಪು ಎಲ್ಲರಿಗಿಂತ ಕೊನೆಗೆ ಬರುತ್ತೆ, ಅದು ಸಹಜ. ಅದಕ್ಕೇ ನದಿ ಪಕ್ಕದ ಮನೆಯವರಿಗೆ ನಾನು 25, 30 ಲೀಟರ್ ಸಾಕು ಅನ್ನುವುದು. ನೂರು ಲೀಟರಿನ ಟ್ಯಾಂಕ್ ಚಂದವೇ, ಆದರೆ ಇಬ್ಬರು ಹೆಂಗಸರು ಅದನ್ನು ಮಹಡಿಗೆ ಸಾಗಿಸಲಾರರು. ಸಣ್ಣದನ್ನೂ ನೀರು ತುಂಬಿದ ಹಾಗೇ ಎತ್ತಬೇಡಿ, ಅಂಟಿಸಿದ ಮೂಲೆ ಬಿಟ್ಟುಕೊಳ್ಳುತ್ತೆ. ಮುಚ್ಚಳವಿರುವ ಬಕೆಟ್ಟಿಗೆ ಟ್ಯಾಂಕಿನ ನೀರನ್ನೇ ಅರ್ಧ ತುಂಬಿ, ಮೀನು ಬಿಟ್ಟು, ಸ್ಪಾಂಜನ್ನೂ ಅದರಲ್ಲೇ ಹಾಕಿ ಮೊದಲು ಸಾಗಿಸಿ. ಮುಚ್ಚಳಕ್ಕೆ ನಾಲ್ಕು ತೂತು ಮೊದಲೇ ಮಾಡಿಟ್ಟಿರಿ. ಎರಡು ಮೂರು ದಿನ ಊಟ ಹಾಕದಿದ್ದರೂ ಬೆಟ್ಟಾ ತಡೆದುಕೊಳ್ಳುತ್ತೆ.

ಮಳೆಗಾಲದ ಕರೆಂಟು ಗೊತ್ತಲ್ಲ? ಹೋದರೆ ಹೋಯಿತು. ಗಾಳಿ ಗುಟುಕರಿಸುವ ಮೀನಾದ್ದರಿಂದ ಪಂಪ್ ನಿಂತರೆ ಉಸಿರಿಗೆ ತಕ್ಷಣ ತೊಂದರೆಯಿಲ್ಲ, ತೊಂದರೆ ಚಳಿಯದ್ದು. ಮೇಲ್ಭಾಗ ಬಿಟ್ಟು ನಾಲ್ಕೂ ಬದಿಗೆ ಹಳೇ ಕಂಬಳಿ ಸುತ್ತಿ. ಇಲ್ಲೂ ಗೆಲ್ಲುವುದು ಹೆಚ್ಚು ನೀರೇ.

ಊಟದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹೊಟ್ಟೆ ಪುಟ್ಟದು, ಬೆಳಿಗ್ಗೆ ಎರಡು ಮೂರು ಕಾಳು, ಸಂಜೆ ಎರಡು ಮೂರು ಕಾಳು. ವಾರಕ್ಕೊಂದು ಉಪವಾಸ. ಮನೆಯಲ್ಲಿ ನಾಲ್ಕು ಜನ ಇದ್ದು ನಾಲ್ಕೂ ಜನ ‘ಪಾಪ’ ಅಂತ ಹಾಕಿದರೆ ಕಷ್ಟ. ಒಬ್ಬರೇ ಹಾಕುವ ನಿಯಮ ಮಾಡಿ.

ಬೇಸರ ಬಂತು, ಮಕ್ಕಳು ಹಾಸ್ಟೆಲಿಗೆ ಹೋದರು, ಸಾಕಲಾಗದು ಅನ್ನಿಸಿದರೆ ದಯವಿಟ್ಟು ಸೇತುವೆ ಹತ್ತಿರ ಹೋಗಿ ಹೊಳೆಗೆ ಬಿಡಬೇಡಿ. ನನ್ನ ಮಗಳೂ ಒಮ್ಮೆ ಹಾಗೆ ಅಂದಿದ್ದಳು. ರಾಮನಾಥಪುರದಲ್ಲಿ ದೇವರ ಮೀನುಗಳಿಗೆ ಪುರಿ ಹಾಕಿ ಬಂದವಳು, ‘ಇದೂ ಅಲ್ಲಿ ಇರಲಿ’ ಅಂದಳು. ತಣ್ಣನೆಯ ಸೆಳೆತದಲ್ಲಿ ಈ ಮೀನು ಉಳಿಯುವುದು ಕಷ್ಟ. ಜೊತೆಗೆ ಅದರ ರೋಗ ಹೊಳೆ ಮೀನಿಗೂ ಅಂಟೀತು. ಕಾವೇರಿಯದೇ ಆದ, ಬೆನ್ನು ಗೂನಿನ ದೊಡ್ಡ ಮಹಶೀರ್ ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಹೊರಗಿನಿಂದ ತಂದು ಹೊಳೆಗೆ ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಅದರ ಜಾಗ ಹಿಡಿದದ್ದೂ ಅದಕ್ಕೊಂದು ಕಾರಣ. ಸಾಕಲಾಗದ ಮೀನನ್ನು ಟ್ಯಾಂಕ್ ಸಮೇತ ಬೇರೆ ಮನೆಗೆ ಕೊಡಿ, ಮಕ್ಕಳಿರುವ ಮನೆಯವರು ಖುಷಿಯಿಂದ ತಗೊಳ್ಳುತ್ತಾರೆ.

ಚೆನ್ನಾಗಿ ನೋಡಿಕೊಂಡರೆ ಬೆಟ್ಟಾ ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾಳುತ್ತೆ. ನಮ್ಮ ಎರಡನೆಯ ಮೀನಿಗೆ ಈಗ ಎರಡನೆಯ ಚಳಿಗಾಲ ಕಳೆದಿದೆ. ಮೀನಿನ ಬೆಲೆಗಿಂತ ಅದರ ಮನೆಯ ಬೆಲೆ ಹಲವು ಪಟ್ಟಾಯಿತು ಅಂತ ನಮ್ಮನೆಯವರು ಇನ್ನೂ ಗೊಣಗುತ್ತಾರೆ. ಗೊಣಗುತ್ತಲೇ ಆಫೀಸಿನಿಂದ ಬಂದ ಕೂಡಲೇ ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಳ್ಳುತ್ತಾರೆ. ಮೆಟ್ಟಿಲ ಕೆಳಗೆ ತೂತು ಮಾಡಿದ ಮುಚ್ಚಳದ ಹಸಿರು ಬಕೆಟ್ ಇದೆ. ಯಾರೋ ಒಮ್ಮೆ ಅದರಲ್ಲಿ ಬಟ್ಟೆ ನೆನೆಸಲು ಹೊರಟಿದ್ದರಂತೆ. ಈಗ ಅದರ ಮೇಲೆ ಅತ್ತೆಯ ದುಂಡು ಅಕ್ಷರದಲ್ಲಿ ಒಂದು ಚೀಟಿ ಅಂಟಿದೆ: ‘ಮೀನಿನದು. ಯಾರೂ ಮುಟ್ಟಬಾರದು.’